ರಾಹೇಲವ್ವನ ಕಿವಿ ಕೆಟ್ಟಿರಲಿಲ್ಲ

ನಾನು ಒಂದು ಶ್ರುತಿಕವೆ. ಟ್ಯೂನಿಂಗ್ ಫೋರ್ಕ್ ಎಂದರೆ ಹೆಚ್ಚು ಜನಕ್ಕೆ ಅರ್ಥವಾಗುತ್ತದೆ. ಗೇಣುದ್ದವೂ ಇಲ್ಲದ ಉಕ್ಕಿನ ತುಂಡು, ಮೇಲೆ ಎರಡು ಕವಲು, ಕೆಳಗೆ ಒಂದು ಹಿಡಿ. ಯಾವುದೋ ಕಾರ್ಖಾನೆಯಲ್ಲಿ ನನ್ನನ್ನು ಕಾಯಿಸಿ, ಬಗ್ಗಿಸಿ, ಅರದಿಂದ ಉಜ್ಜಿ ಉಜ್ಜಿ ಒಂದೇ ಸ್ವರಕ್ಕೆ ತಂದು ನಿಲ್ಲಿಸಿದರು. ಅದರ ಹೆಸರು 'ಲಾ'. ಬಡಿದಾಗಲೆಲ್ಲ ಅದನ್ನೇ ಹೇಳುತ್ತೇನೆ. ಮದುವೆಗೂ ಅದೇ, ಮಣ್ಣಿಗೂ ಅದೇ. ಎದುರಿಗಿರುವವರ ಮುಖ ನೋಡಿ ಮಾತು ಬದಲಿಸುವ ಅಭ್ಯಾಸ ನನಗಿಲ್ಲ. ಬದಲಿಸುವವರನ್ನು ಕಂಡರೆ ಮೈ ಉರಿಯುತ್ತದೆ.

ನನ್ನನ್ನು ಕೊಂಡು ತಂದವರು ಬೆಟಗೇರಿಯ ಎಜ್ರಾ ಮಾಸ್ತರರು. ಶಾಲೆಯಲ್ಲಿ ಚಿತ್ರ ಬಿಡಿಸಲು ಕಲಿಸುತ್ತಿದ್ದ ಅವರಿಗೆ ಹಾಡಿನ ಹುಚ್ಚು. ಚರ್ಚಿನಲ್ಲಿ ದೊಡ್ಡ ಗುಂಪೊಂದು ಹಾಡುತ್ತಿತ್ತು. ಇವರಿಗೆ ಬೇಕಾದದ್ದು ಪುಟ್ಟ ಮೇಳ. ಹನ್ನೊಂದೇ ಜನ, ನಾಲ್ಕು ದನಿ, ವಾದ್ಯ ಒಂದೂ ಇಲ್ಲ. ಇಬ್ಬರು ನರ್ಸುಗಳು, ಒಬ್ಬ ರೈಲ್ವೆ ಗುಮಾಸ್ತ, ಒಬ್ಬ ಬೇಕರಿಯವ, ಉಳಿದವರು ನೇಕಾರರು. ಯಾರಿಗೂ ಸಂಗೀತ ಹೊಟ್ಟೆಪಾಡಲ್ಲ. ಶನಿವಾರ ಸಂಜೆ ಶಾಲೆಯ ಡ್ರಾಯಿಂಗ್ ಕೋಣೆಗೆ ಬರುತ್ತಿದ್ದರು, ಹಾಡುತ್ತಿದ್ದರು, ಬೇಕರಿಯವನು ತಂದ ಖಾರಾ ಬ್ರೆಡ್ಡು ತಿಂದು ಹೋಗುತ್ತಿದ್ದರು.

ಮಾಸ್ತರರು ನನ್ನನ್ನು ಮೊಣಕಾಲಿಗೆ ಬಡಿದು ಬೆಂಚಿನ ಮೇಲೆ ಊರುವರು. ಬೆಂಚೇ ಹಾಡಿದಂತೆ ಕೇಳುವುದು. ಎಲ್ಲರೂ ತಮ್ಮ ತಮ್ಮ ಸ್ವರ ಹಿಡಿದು ಶುರುಮಾಡುವರು. ಹಾಡು ಮುಗಿದ ಕೂಡಲೇ ಮತ್ತೆ ಬಡಿಯುವರು. ವಾದ್ಯದ ಆಸರೆಯಿಲ್ಲದ ದನಿಗಳು ಗೊತ್ತೇ ಆಗದಂತೆ ಇಳಿದುಬಿಡುತ್ತವೆ. ಇಳಿದಿದ್ದರೆ ಮೊದಲಿಂದ ಹಾಡಬೇಕು. ಎಷ್ಟೋ ಜನ ಗೊಣಗಿದರು. ಒಮ್ಮೆ ಗುಮಾಸ್ತ ರೇಗಿ, "ಕೇಳೋ ಮಂದಿಗೆ ಅಷ್ಟು ತಿಳೀತೈತೇನ್ರಿ ಮಾಸ್ತರ?" ಎಂದ.

"ಮಂದಿಗೆ ತಿಳೀಲಿಕ್ಕಿಲ್ಲ. ನಮಗ ತಿಳೀತಲ್ಲ," ಎಂದರು ಮಾಸ್ತರರು.

ಆ ಹನ್ನೊಂದು ಜನರಲ್ಲಿ ಎಂದೂ ಇಳಿಯದವಳು ಒಬ್ಬಳೇ, ರಾಹೇಲವ್ವ. ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತುವವಳು. ದಿನವಿಡೀ ಮಗ್ಗದ ಖಟಪಟ ಕೇಳಿದ ಕಿವಿ ಅದು. ಸ್ವರಲಿಪಿ ಓದಲು ಬಾರದು. ಆದರೂ ಆಲ್ಟೊ, ಎಂದರೆ ಹೆಂಗಸರ ಕೆಳಗಿನ ದನಿ, ಅವಳ ಮೇಲೆಯೇ ನಿಂತಿತ್ತು. ಆ ದನಿ ಕೇಳುವವರ ಗಮನಕ್ಕೇ ಬರುವುದಿಲ್ಲ. ಬಿಟ್ಟುಹೋದರೆ ಮಾತ್ರ ಏನೋ ಖಾಲಿ ಅನ್ನಿಸುತ್ತದೆ. ವರ್ಷಗಳು ಕಳೆದ ಮೇಲೆ ಅವಳಿಗೆ ನನ್ನ ಅಗತ್ಯವೇ ಇರಲಿಲ್ಲ. ಮಾಸ್ತರರು ತೀರಿಕೊಂಡ ದಿನ ಸಮಾಧಿಯ ಬಳಿ ನನ್ನನ್ನು ಬಡಿಯಲು ಯಾರಿಗೂ ಕೈ ಬರಲಿಲ್ಲ. ರಾಹೇಲವ್ವ ತಾನೇ ಸ್ವರ ಎತ್ತಿಕೊಟ್ಟಳು. ಅದು ನನ್ನದೇ ಸ್ವರ, ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಇಲ್ಲ.

ಆಮೇಲೆ ಮೇಳ ಜೋಯೆಲ್‌ನ ಕೈಗೆ ಹೋಯಿತು. ಓದಿದ ಹುಡುಗ, ನಯವಾದ ಮಾತು. ಕೀಬೋರ್ಡ್ ತಂದ. ದನಿ ಇಳಿದರೂ ಯಂತ್ರ ಎತ್ತಿ ಹಿಡಿಯುತ್ತದೆ ಎಂದ. ಇಬ್ಬರು ಬಿಟ್ಟರು, ಇಬ್ಬರು ಸತ್ತರು, ಏಳು ಜನ ಉಳಿದರು. ನನ್ನನ್ನು ಕೀಬೋರ್ಡಿನ ಚೀಲದ ಬದಿಯ ಜೇಬಿನಲ್ಲಿ ತುರುಕಿದ. ಇರಲಿ, ನನ್ನ ವಿಷಯ ಬಿಡಿ.

ಮೇಳಕ್ಕೆ ಐವತ್ತು ತುಂಬಿದ ಭಾನುವಾರ ಚರ್ಚು ತುಂಬಿತ್ತು. ಮಾಸ್ತರರ ಕಾಲದಂತೆ ಮೊದಲ ಹಾಡನ್ನು ಆಲ್ಟೊ ಒಂದೇ ಶುರುಮಾಡಲಿ, ಕೀಬೋರ್ಡ್ ಆಮೇಲೆ ಬರಲಿ ಎಂದು ಹೇಳಿದವನು ಜೋಯೆಲ್‌ನೇ. ಎರಡು ದಿನ ಮುಂಚೆ ಒಂದು ಮದುವೆಯಲ್ಲಿ, ಮೇಲಿನ ಸ್ವರ ಎಟುಕದ ಮದುಮಗನ ಗೆಳೆಯನಿಗಾಗಿ, ಒಂದು ಗುಂಡಿ ಒತ್ತಿ ಇಡೀ ಕೀಬೋರ್ಡನ್ನು ಅರ್ಧ ಸ್ವರ ಇಳಿಸಿದ್ದ. ಮತ್ತೆ ಏರಿಸಲು ಮರೆತಿದ್ದ.

ರಾಹೇಲವ್ವ ಶುರುಮಾಡಿದಳು, ಸರಿಯಾಗಿ. ನಾಲ್ಕನೆಯ ಸಾಲಿಗೆ ಕೀಬೋರ್ಡ್ ಬಂತು, ತಪ್ಪಾಗಿ. ಎರಡೂ ಡಿಕ್ಕಿ ಹೊಡೆದವು. ಉಳಿದ ಆರು ಜನ ಕೀಬೋರ್ಡಿನ ಸ್ವರಕ್ಕೆ ಇಳಿದರು. ಅವಳೊಬ್ಬಳೇ ಎರಡು ಸಾಲು ಎಳೆದು, ಗಕ್ಕನೆ ನಿಂತಳು. ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು.

"ವಯಸ್ಸಾತಲ್ರಿ ಅವ್ವ, ಕಿವಿ ಸೂಕ್ಷ್ಮ ಕಳಕೊಂತಾವು. ಇನ್ನ ನೀವು ಆರಾಮ ಕುಂತು ಕೇಳ್ರಿ," ಎಂದ ಜೋಯೆಲ್, ಎಲ್ಲರೆದುರು, ಅವಳ ಕೈ ಹಿಡಿದುಕೊಂಡು. ಐವತ್ತು ವರ್ಷ ಪಕ್ಕದಲ್ಲಿ ನಿಂತವರು ನೆಲ ನೋಡುತ್ತಿದ್ದರು. ಅವಳು ಹಾಡಿನ ಪುಸ್ತಕವನ್ನು ಬೆಂಚಿನ ಮೇಲಿಟ್ಟು ಹೋದಳು. ನಾನು ಚೀಲದ ಜೇಬಿನಲ್ಲೇ ಇದ್ದೆ. ಒಬ್ಬರು, ಒಂದೇ ಒಂದು ಸಲ ನನ್ನನ್ನು ಬಡಿದಿದ್ದರೆ ಸಾಕಾಗಿತ್ತು. ಇವತ್ತಿಗೂ ಅದನ್ನು ನೆನೆದರೆ ನನ್ನ ಸಿಟ್ಟು ಇಳಿಯುವುದಿಲ್ಲ.

ಜನ ಊಟಕ್ಕೆ ಹೋದ ಮೇಲೆ ಜೋಯೆಲ್ ಒಬ್ಬನೇ ಬಂದ. ಏನೋ ಅನುಮಾನ ಬಂದಿರಬೇಕು. ನನ್ನನ್ನು ತೆಗೆದು ಬಡಿದ. ಕೀಬೋರ್ಡಿನ 'ಲಾ' ಒತ್ತಿದ. ಮತ್ತೊಮ್ಮೆ ಬಡಿದ, ಮತ್ತೊಮ್ಮೆ ಒತ್ತಿದ. ಮುಖ ಬಿಳಿಚಿತು. ಬಾಗಿಲ ಕಡೆ ನೋಡಿದ. ಗುಂಡಿ ಒತ್ತಿ ಸ್ವರ ಏರಿಸಿ, ಕೀಬೋರ್ಡಿಗೆ ಬಟ್ಟೆ ಮುಚ್ಚಿ, ಊಟಕ್ಕೆ ಹೋದ. ಮರೆತದ್ದನ್ನು ನಾನು ಕ್ಷಮಿಸಿಯೇನು. ಈ ಬಟ್ಟೆ ಮುಚ್ಚಿದ್ದನ್ನು ಕ್ಷಮಿಸಲಾರೆ.

ಅದೇ ವಾರ ನನ್ನನ್ನು ತನ್ನ ಗೆಳೆಯನಾದ ಕಿವಿ ಡಾಕ್ಟರ್ ನೀಲಗುಂದರಿಗೆ ಕೊಟ್ಟುಬಿಟ್ಟ. "ನಮಗಿದು ಬ್ಯಾಡಾಗೈತಿ, ನಿಮಗರ ಉಪಯೋಗಕ್ಕ ಬರ್ತದ." ಕಿವಿ ಪರೀಕ್ಷಿಸಲು ಡಾಕ್ಟರರು ಬಳಸುವ ಕವೆಗಳ ಸ್ವರ ಬೇರೆ. ಆದರೂ ಅವರು ನನ್ನನ್ನು ಸ್ಟೀಲ್ ತಟ್ಟೆಯಲ್ಲಿ ಹತ್ತಿಯ ಪಕ್ಕ ಇಟ್ಟುಕೊಂಡರು. ಎರಡು ವರ್ಷ ಬೆಟಗೇರಿಯವರ ಕಿವಿಗಳನ್ನು ನೋಡಿದೆ.

ಮೊನ್ನೆ ಸೊಸೆಯ ಜೊತೆ ರಾಹೇಲವ್ವ ಬಂದಳು. "ಕಿವಿ ಕೆಟ್ಟಾವ್ರಿ," ಎಂದು ತಾನೇ ಹೇಳಿದಳು. ಡಾಕ್ಟರರು ನನ್ನನ್ನು ಬಡಿದು ಅವಳ ಕಿವಿಯ ಬಳಿ ಹಿಡಿದರು. ಅವಳು ಮುಖ ಎತ್ತಿದಳು.

"ಇದು ನಮ್ಮ ಮಾಸ್ತರದು," ಎಂದು ನನ್ನ ಸ್ವರವನ್ನು ಗುನುಗಿದಳು. ಡಾಕ್ಟರರು ನನ್ನನ್ನು ಹಿಡಿದೇ ಇದ್ದರು. ನಮ್ಮಿಬ್ಬರ ದನಿಯ ನಡುವೆ ಬಿರುಕೇ ಇರಲಿಲ್ಲ.

ಆಮೇಲೆ ಡಾಕ್ಟರರು ಕಿವಿ ಪರೀಕ್ಷೆಯ ಯಂತ್ರದಲ್ಲೂ ನೋಡಿದರು. "ನಿಮ್ಮ ಕಿವಿ ನನ್ನವಕ್ಕಿಂತ ಚಲೋ ಅದಾವ್ರಿ ಅಜ್ಜಿ. ಯಾರು ಹೇಳಿದ್ರು ಕೆಟ್ಟಾವಂತ?"

ಸೊಸೆಯೇ ಹೇಳಿದಳು, "ಎರಡು ವರ್ಷಾತು, ಮನ್ಯಾಗೂ ಹಾಡಿಲ್ರಿ. ಕೂಸು ಅಳಾಕತ್ತಿದ್ರೂ ಜೋಗುಳ ಹಾಡಂಗಿಲ್ಲ. ತಪ್ಪು ಸ್ವರ ಅದರ ಕಿವಿಗೆ ಬಿದ್ದೀತು ಅಂತಾರ."

"ಕಿವಿ ಸರಿ ಅದಾವಂತ ಒಂದು ಚೀಟಿ ಬರದು ಕೊಡ್ರಿ," ಎಂದಳು ರಾಹೇಲವ್ವ.

"ಯಾರಿಗೆ ತೋರಸ್ತೀರಿ?"

"ಜೋಯೆಲ್‌ಗ. ಪಾಪ, ಅವನಿಗೆ ಗೊತ್ತಿಲ್ಲ."

ಡಾಕ್ಟರರು ಬರೆದು, ಸಹಿ ಹಾಕಿ, ಮೊಹರು ಒತ್ತಿ ಕೊಟ್ಟರು. ಅವಳು ಅದನ್ನು ಮಡಚಿ ಕುಪ್ಪಸದೊಳಗೆ ಇಟ್ಟುಕೊಂಡು ಹೋದಳು. ನಾನು ತಟ್ಟೆಯಲ್ಲಿ ಬಿದ್ದಿದ್ದೇನೆ. ವಯಸ್ಸಾಯಿತು, ಹಿಡಿಯಲ್ಲಿ ತುಕ್ಕಿನ ಚುಕ್ಕೆಗಳು ಎದ್ದಿವೆ. ಅವನಿಗೆ ಗೊತ್ತಿದೆ ರಾಹೇಲವ್ವ, ಎರಡು ವರ್ಷದಿಂದ ಗೊತ್ತಿದೆ ಎಂದು ಅವಳಿಗೆ ಹೇಳಬೇಕಿತ್ತು. ನನಗೆ ಬರುವುದು ಒಂದೇ ಸ್ವರ.