ಒಣಗದ ಬಣ್ಣ

ಮಸ್ಕಿಯ ತನ್ನ ಮನೆಯ ಪಡಸಾಲೆಯಲ್ಲಿ ಮಮತಾ ಹೊಲಿಗೆ ಅಂಗಡಿ ತೆರೆಯುವವಳಿದ್ದಳು. ಮಷಿನ್ ತವರಿನಿಂದ ಬಂದದ್ದಿತ್ತು. ಅಳತೆ ಕೊಡಲು ಬರುವ ಹೆಂಗಸರು ಕೂರುವುದಕ್ಕೆ ಒಂದು ಸೋಫಾ ಬೇಕಾಗಿತ್ತು. ಹೊಸದು ಕೈಗೆಟುಕುವ ಮಾತಾಗಿರಲಿಲ್ಲ. ಲಿಂಗಸುಗೂರಿನಲ್ಲಿ ಪೀರ್‌ಸಾಬರ ಹಳೇ ಸಾಮಾನಿನ ಅಂಗಡಿಯಲ್ಲಿ ಕಟ್ಟಿಗೆಯದೊಂದು ಸಿಕ್ಕಿತು. ಪಾಲಿಶ್ ಎದ್ದುಹೋಗಿತ್ತು, ಸ್ಪಂಜು ಕುಸಿದಿತ್ತು. ಕಾಲುಗಳು ಮಾತ್ರ ಗಟ್ಟಿಯಾಗಿದ್ದವು. ಬಿಳಿ ಬಣ್ಣ ಬಳಿದು, ಹೂವಿನ ಬಟ್ಟೆಯ ಕವರ್ ಹೊಲಿದು ಹಾಕಿದರೆ ಹೊಸದರಂತೆ ಆಗುತ್ತದೆಂದು ಅವಳು ಮೊಬೈಲಿನಲ್ಲಿ ನೋಡಿದ್ದಳು.

ಉಪ್ಪು ಕಾಗದದಿಂದ ತಿಕ್ಕಿ ತಿಕ್ಕಿ ಅಂಗೈ ಸುಲಿಯಿತು. ಗಂಡ ದುರುಗೇಶ ಸಿಂಧನೂರಿನ ಅಕ್ಕಿ ಮಿಲ್ಲಿನಲ್ಲಿ ಕೆಲಸಕ್ಕಿದ್ದ. ಸಂಜೆ ಬರುವಾಗ ಬಣ್ಣದ ಡಬ್ಬಿ ತಂದ. ಅವಳು ಬಳಿದಳು. ಮರುದಿನ ಒದ್ದೆ ಬಟ್ಟೆಯಿಂದ ಒರೆಸಿದರೆ ಬಣ್ಣವೆಲ್ಲ ಬಟ್ಟೆಗೇ ಬಂತು.

"ಇದು ಗ್ವಾಡಿಗೆ ಹಚ್ಚೋದು," ಎಂದಳು ಡಬ್ಬಿ ತಿರುಗಿಸಿ. "ಕಟ್ಟಿಗಿಗೆ ಅಂತ ಹೇಳಿದ್ದಿಲ್ಲೇನ್ರಿ?"

"ಬಿಳೇದು ಅಂದಿ. ಬಿಳೇದ ತಂದೀನಿ."

ಡಬ್ಬಿಯನ್ನು ಅವನೆದುರೇ ಬೋರಲು ಹಾಕಬೇಕೆನಿಸಿತು. ಹಾಕಲಿಲ್ಲ. ನೀರು ಸುರಿದು ಎಲ್ಲ ತೊಳೆದು, ಸೋಫಾವನ್ನು ಬಿಸಿಲಿಗಿಟ್ಟಳು. ಮಾರನೇ ದಿನ ತಾನೇ ಬಸ್ಸು ಹತ್ತಿ ಸಿಂಧನೂರಿಗೆ ಹೋಗಿ ಸರಿಯಾದ ಬಣ್ಣ, ಸ್ಪಂಜು, ಬಟ್ಟೆ ತಂದಳು. ಮತ್ತೆ ಬಳಿದಳು.

ಈ ಸಲ ಬಣ್ಣ ಒಣಗಲೇ ಇಲ್ಲ. ಮೂರನೆಯ ದಿನವೂ ಮುಟ್ಟಿದರೆ ಬೆರಳು ಅಂಟುತ್ತಿತ್ತು. ಅಂಗಳದ ಧೂಳು, ಹೊಟ್ಟು, ಒಂದೆರಡು ನೊಣ ಅದಕ್ಕೇ ಮೆತ್ತಿಕೊಂಡವು. ಮಮತಾ ಪೀರ್‌ಸಾಬರಿಗೆ ಫೋನು ಹಚ್ಚಿದಳು.

"ಎಂಥಾ ಕಟ್ಟಿಗಿ ಕೊಟ್ಟೀರ್ರಿ ನಮಗ? ಬಣ್ಣ ಒಣಗವಲ್ದು."

"ಕಟ್ಟಿಗಿ ಚೊಲೋ ಐತವ್ವಾ. ಎಣ್ಣಿ ಗಿಣ್ಣಿ ಏನರ ಬಿದ್ದೈತೇನು? ಎಣ್ಣಿ ಇದ್ರ ಒಣಗಂಗಿಲ್ಲ."

"ಸೋಫಾಕ್ಕ ಎಣ್ಣಿ ಯಾರು ಹಚ್ಚತಾರ್ರಿ?"

"ನಾ ಹಚ್ಚೀನಿ," ಎಂದಿತು ಅಡುಗೆಮನೆಯಿಂದ ಅತ್ತೆ ಗ್ಯಾನಮ್ಮನ ದನಿ.

ಮಮತಾ ಫೋನು ಇಟ್ಟಳು. ಗ್ಯಾನಮ್ಮ ಕೈ ಒರೆಸಿಕೊಳ್ಳುತ್ತ ಬಾಗಿಲಿಗೆ ಬಂದಳು.

"ನೀ ಸಿಂಧನೂರಿಗೆ ಹೋಗಿದ್ದಿ. ಬಿಸಲಿಗೆ ಕಟ್ಟಿಗಿ ಬಿರಿಯಾಕತ್ತಿತ್ತು. ಶೇಂಗಾ ಎಣ್ಣಿ ತಿಕ್ಕಿದೆ. ಚೊಲೋ ಕುಡೀತು."

"ನನ್ನ ಒಂದು ಮಾತು ಕೇಳಬಾರದೇನ್ರಿ ಅತ್ತಿ? ನೋಡ್ರಿ ನನ್ನ ಕೈ ಹೆಂಗಾಗ್ಯಾವ."

"ನನ್ನ ಯಾರು ಕೇಳ್ಯಾರ? ನಾ ಮಲಗೋ ಪಡಸಾಲಿ ಅಂಗಡಿ ಆಕ್ಕೈತಂತ ಬಾಜೂ ಮನಿ ಮುನ್ನಿಬೀ ಹೇಳಿದ್ಲು. ನೀವು ಗಂಡ ಹೆಂಡ್ತಿ ಹೇಳಲಿಲ್ಲ."

ಮಾತು ನಿಜವೆಂದು ಮಮತಾಗೆ ಗೊತ್ತಿತ್ತು. ಅತ್ತೆಯ ಮಂಚ ಒಳಗೆ ಸರಿಸಿದಾಗಲೂ ಯಾರೂ ಅವಳನ್ನು ಕೇಳಿರಲಿಲ್ಲ. ಅತ್ತೆಯದೇ ಪೂರ್ತಿ ತಪ್ಪಾಗಿದ್ದರೆ ನಾಲ್ಕು ಮಾತು ಅಂದು ಹಗುರಾಗಬಹುದಿತ್ತು. ಈಗ ಅದಕ್ಕೂ ದಾರಿಯಿಲ್ಲದೆ ಸಿಟ್ಟು ಇನ್ನಷ್ಟು ಏರಿತು. ಹಳೇ ಚಾಕು ಹಿಡಿದು ಅಂಗಳಕ್ಕೆ ಹೋಗಿ ಬಣ್ಣ ಕೆರೆಯತೊಡಗಿದಳು. ಸ್ವಲ್ಪ ಹೊತ್ತಿಗೆ ಗ್ಯಾನಮ್ಮ ಇನ್ನೊಂದು ಚಾಕು ತಂದು ಆ ತುದಿಯಲ್ಲಿ ಕುಳಿತಳು.

ಶುಕ್ರವಾರ ಅಂಗಡಿ ತೆರೆದಾಗ ಸೋಫಾದ ಎಣ್ಣೆ ತಾಗದ ಒಂದು ಕೈ ಬಿಳಿ, ಉಳಿದದ್ದು ಕೆರೆದ ಕಟ್ಟಿಗೆ. ಕವರ್ ಮಾತ್ರ ಚೆಂದ ಕೂತಿತ್ತು. ಅದರ ನಟ್ಟನಡುವೆ ಗ್ಯಾನಮ್ಮ ಕುಳಿತು, ಬಂದವರ ಮಗಳು ಅಳಿಯಂದಿರ ಸುದ್ದಿಯನ್ನೆಲ್ಲ ವಿಚಾರಿಸತೊಡಗಿದಳು. ಬಂದವರು ನಿಂತೇ ಇದ್ದರು. ಮಮತಾ ಮಷಿನ್ನಿನ ಹಿಂದೆ ಹಲ್ಲು ಕಚ್ಚಿಕೊಂಡು ಕೂತಿದ್ದಳು.

ಮುಂದಿನ ವಾರ, ಬಂದವರೆದುರೇ, ಬೇಕೆಂದೇ ಕೇಳಿದಳು: "ಅತ್ತಿ, ಇದಕ್ಕ ಮತ್ತ ಬಣ್ಣ ಹಚ್ಚತೀನಿ. ಯಾವುದು ಹಚ್ಚಲಿ, ನೀವ ಹೇಳ್ರಿ."

ಗ್ಯಾನಮ್ಮ ಕಟ್ಟಿಗೆಯ ಮೇಲೆ ಕೈಯಾಡಿಸಿದಳು. "ಬಣ್ಣ ಯಾಕ ಬೇಕು? ಹಿಂಗ ಚೊಲೋ ಐತಿ."

ಅಳತೆ ಕೊಡಲು ಬಂದಾಕೆ ಹೌದೆಂದು ತಲೆಯಾಡಿಸಿದಳು. ಮಮತಾ ಅಳತೆಯ ಟೇಪು ಹಿಡಿದು ಎದ್ದಳು.

"ಜರ ಸರೀರಿ ಅತ್ತಿ. ಅವರಿಗೂ ಕುಂದ್ರಾಕ ಜಾಗ ಬೇಕು."

ಗ್ಯಾನಮ್ಮ ಒಂದು ಗೇಣು ಸರಿದಳು.