ಎಡಗಡೆ ಕನ್ನಡಿ

"ಮಾತಾಡ್ತಾ ಇರಿ ಸರ್. ಏನಾದ್ರೂ ಸರಿ, ಅವರ ಕಿವಿಗೆ ಮಾತು ಬೀಳ್ತಾ ಇರ್ಬೇಕು" ಎಂದಳು ಕೋಮಲ. ಲಕ್ವ ಹೊಡೆದವರಿಗೆ ಮತ್ತೆ ಮಾತು ಕಲಿಸುವ ಹುಡುಗಿ ಅವಳು. ಪ್ರತಿ ಮಂಗಳವಾರ ಮೈಸೂರಿನಿಂದ ತಿ. ನರಸೀಪುರಕ್ಕೆ ಬಂದು, ಬಸ್ ಸ್ಟ್ಯಾಂಡಿನ ಹತ್ತಿರದ ಒಂದು ಗಲ್ಲಿಯ ಕ್ಲಿನಿಕ್ಕಿನಲ್ಲಿ ಕೂರುತ್ತಾಳೆ. ಏನಾದ್ರೂ ಸರಿ ಅಂತೆ! ನಾನು ಪುಟ್ಟಬಸವಯ್ಯ, ಹೆಡತಲೆಯವನು. ಮೂವತ್ತು ವರ್ಷ ನಂಜನಗೂಡಿನಲ್ಲಿ ಹಳೇ ಕಾರುಗಳ ಬ್ರೋಕರ್ ಆಗಿದ್ದವನು. ನನ್ನ ಬಾಯಲ್ಲಿ ಬರುವುದು ಗಾಡಿ ಮಾತು ಒಂದೇ. ಹೆಂಡತಿಯ ಪಕ್ಕ ಕೂತು ಮಾತಾಡುವುದನ್ನು ನನಗೆ ಯಾರು ಕಲಿಸಿದ್ದಾರೆ?

ಸಂಕ್ರಾಂತಿ ಕಳೆದ ವಾರ ಚನ್ನಬಸಮ್ಮ ಜಗಲಿಯ ಮೇಲೆ ಅವರೆಕಾಯಿ ಬಿಡಿಸುತ್ತ ಕೂತಿದ್ದಳು. ಕೂತವಳು ಹಾಗೇ ಮಗ್ಗುಲಿಗೆ ವಾಲಿದಳು. ಬಲಗೈ, ಬಲಗಾಲು, ಮಾತು, ಮೂರೂ ಒಟ್ಟಿಗೆ ಹೋದವು. ನಾವು ಹೇಳಿದ್ದೆಲ್ಲ ಅವಳಿಗೆ ತಿಳಿಯುತ್ತದೆ, ತಿರುಗಿ ಹೇಳಲು ಆಗುವುದಿಲ್ಲ. ಆರು ತಿಂಗಳೊಳಗೆ ಒಂದು ಮಾತಾದರೂ ಬಂದರೆ ಮಿಕ್ಕಿದ್ದನ್ನು ಎಳೆದು ತರಬಹುದು, ಆಮೇಲೆ ಕಷ್ಟ ಎಂದು ಕೋಮಲ ಮೊದಲ ದಿನವೇ ಹೇಳಿಬಿಟ್ಟಿದ್ದಳು. ನೋಡುತ್ತಲೇ ಆಷಾಢ ಬಂದಿತ್ತು. ಆರು ತಿಂಗಳಿಗೆ ಉಳಿದಿದ್ದದ್ದು ಒಂದೇ ಮಂಗಳವಾರ.

ಅವಳು ಬಿದ್ದ ದಿನದಿಂದ ಅಲ್ಲಿಯವರೆಗೆ ನನಗೆ ಅಳು ಬಂದಿರಲಿಲ್ಲ. ನೋಡಲು ಬಂದ ನೆಂಟರೆಲ್ಲ "ಬಸವಯ್ಯ ಗಟ್ಟಿ ಮನುಸ ಕಣ್ರಪ್ಪ" ಎಂದು ಹೇಳಿ, ಕಾಫಿ ಕುಡಿದು ಹೋದರು. ಗಟ್ಟಿಯೂ ಇಲ್ಲ, ಮಣ್ಣೂ ಇಲ್ಲ. ಹಲ್ಲು ಕೀಳುವ ಮೊದಲು ಡಾಕ್ಟರು ಸೂಜಿ ಚುಚ್ಚುತ್ತಾರಲ್ಲ, ಆಮೇಲೆ ದವಡೆ ಇದ್ದೂ ಇಲ್ಲದ ಹಾಗಿರುತ್ತದಲ್ಲ, ನಾನು ಪೂರ್ತಿ ಹಾಗಾಗಿದ್ದೆ. ಬೆಳಗ್ಗೆ ಏಳುತ್ತಿದ್ದೆ, ಅವಳ ಮುಖ ಒರೆಸುತ್ತಿದ್ದೆ, ವಿಭೂತಿ ಹಚ್ಚುತ್ತಿದ್ದೆ, ರಾಗಿ ಗಂಜಿ ಕುಡಿಸುತ್ತಿದ್ದೆ. ಮಾಡುತ್ತಿದ್ದವನು ಬೇರೆ ಯಾರೋ ಅನ್ನಿಸುತ್ತಿತ್ತು.

ಮಾತಾಡಿ ಅಂದಳಲ್ಲ ಕೋಮಲ, ಸರಿ, ಮಾತಾಡಿದೆ. ಹೆಡತಲೆಯಿಂದ ನರಸೀಪುರದವರೆಗೆ, ಗದ್ದೆ, ಕಬ್ಬು, ಕಾಲುವೆ ದಾಟುತ್ತ, ಗಿರಾಕಿಗೆ ಹೇಳುವ ಹಾಗೇ ಹೇಳಿದೆ.

"ಈ ಸುಜುಕಿಯೋನು ಮೊದ್ಲು ಕಾರು ಮಾಡ್ತಿದ್ದ ಅನ್ಕಂಡಿದ್ದೀಯ? ಇಲ್ಲ ಕಣೆ. ಮಗ್ಗ ಮಾಡ್ತಿದ್ದ, ಬಟ್ಟೆ ನೇಯೋ ಮಗ್ಗ. ಆಮೇಕೆ ಸೈಕಲ್ಲಿಗೆ ಇಂಜಿನ್ ಕಟ್ಟಿ ಓಡ್ಸುದ. ಐವತ್ತೈದ್ರಲ್ಲಿ ಒಂದು ಪುಟಾಣಿ ಕಾರು ಮಾಡುದ, ಸುಜುಲೈಟ್ ಅಂತ. ಎಪ್ಪತ್ತೊಂಬತ್ರಲ್ಲಿ ಅವರ ದೇಸದಲ್ಲೇ ಆಲ್ಟೊ ಬಂತು. ನಮ್ಮೂರ್ ಕಡೀಕೆ ಮಾರುತಿ ಏಟ್ ಹಂಡ್ರೆಡ್ ಬಂದಿದ್ದು ಅದಾದ್ಮೇಲೆ, ಎಂಬತ್ಮೂರ್ರಲ್ಲಿ."

ಅವಳು ಎಡಗಡೆಯ ಕಿಟಕಿಯಿಂದ ಆಚೆ ನೋಡುತ್ತಿದ್ದಳು. ನಾನು ಬಿಡಲಿಲ್ಲ. ಮುಂದಿನ ವಾರ ಜೆನ್ ಕತೆ, ಅದರ ಮುಂದಿನ ವಾರ ವ್ಯಾಗನ್ ಆರ್. "ಅದರ ಚಾವಣಿ ಎತ್ತರ ಕಣೆ. ಪೇಟ ಸುತ್ಕಂಡೋರೂ ತಲೆ ತಗುಲ್ದಂಗೆ ಕೂರ್ಬೋದು ಅಂತ ಯೋಳಿ ಮಠದ ಬುದ್ಧಿಯೋರಿಗೆ ಕೊಡ್ಸುದ್ನಲ್ಲ, ಗ್ಯಾಪ್ಕ ಅದಾ?" ಮೂರು ಸಿಲಿಂಡರು, ನಾಲ್ಕು ಸಿಲಿಂಡರು, ಲೀಟರಿಗೆ ಎಷ್ಟು ಓಡುತ್ತದೆ, ಯಾವುದರಲ್ಲಿ ಕ್ಲಚ್ಚೇ ಇಲ್ಲ. ಕಾಯಿಲೆ ಹೆಂಗಸಿನ ಮುಂದೆ ಇದೇನು ಪುರಾಣ ಅಂತ ನನಗೇ ನಾಚಿಕೆಯಾಗಬೇಕಿತ್ತು. ಆಗಲಿಲ್ಲ.

ಒಂದು ವಿಷಯ ಮಾತ್ರ ಹೇಳಬೇಕು. ಅವಳ ಬಲಗೈ ಗೇರಿನ ಕಡ್ಡಿಯ ಪಕ್ಕದಲ್ಲೇ ಸೀಟಿನ ಅಂಚಿಗೆ ಬಿದ್ದಿರುತ್ತದೆ. ನಾನು ಎರಡನೇ ಗೇರಿಗೆ ಎಳೆದಾಗಲೆಲ್ಲ ನನ್ನ ಗಿಣ್ಣು ಅವಳ ಗಿಣ್ಣಿಗೆ ಹೊಡೆಯುತ್ತದೆ. ಅವಳಿಗೆ ಗೊತ್ತಾಗುವುದಿಲ್ಲ. ಮೊದಮೊದಲು ಆ ಕೈ ಎತ್ತಿ ಮಡಿಲಲ್ಲಿ ಇಡುತ್ತಿದ್ದೆ, ಆಮೇಲೆ ಅದನ್ನೂ ಬಿಟ್ಟೆ. ಮಂಗಳವಾರ ಮಂಗಳವಾರ ಹೋಗುವಾಗ ಹತ್ತು ಸಲ, ಬರುವಾಗ ಹತ್ತು ಸಲ ಹೊಡೆಯುತ್ತಿದ್ದೆ.

ನಮ್ಮದು ಎರಡು ಸಾವಿರದ ಏಳನೇ ಇಸವಿಯ ಆಲ್ಟೊ. ಇರುವುದರಲ್ಲಿ ಕಡಿಮೆ ಬೆಲೆಯ ಮಾಡೆಲ್ಲು. ಏಸಿ ಇಲ್ಲ, ಪವರ್ ಸ್ಟೇರಿಂಗ್ ಇಲ್ಲ, ಎಡಗಡೆ ಕನ್ನಡಿ ಇಲ್ಲ. ಆಗ ಆ ಮಾಡೆಲ್ಲುಗಳಿಗೆಲ್ಲ ಬಲಗಡೆ ಒಂದೇ ಕನ್ನಡಿ ಬರುತ್ತಿದ್ದದ್ದು; ಎಡಗಡೆಗೆ ಬೇಕಾದವರು ಅಂಗಡಿಯಲ್ಲಿ ಕೊಂಡು ಹಾಕಿಸಿಕೊಳ್ಳುತ್ತಿದ್ದರು. ನಾನೂ ನಾಳೆ ಹಾಕಿಸಿದರಾಯ್ತು, ನಾಡಿದ್ದು ಹಾಕಿಸಿದರಾಯ್ತು ಅಂದುಕೊಂಡೆ. ಅಷ್ಟರಲ್ಲಿ ಇವಳು ಆ ಕೆಲಸಕ್ಕೆ ಸೇರಿಬಿಟ್ಟಳು.

ಸೇರಿದಳು ಅಂದರೆ ಸುಮ್ಮನೆ ಅಲ್ಲ. ನಾನು ಎಡಕ್ಕೆ ಇಂಡಿಕೇಟರ್ ಹಾಕುವಷ್ಟರಲ್ಲಿ ಕತ್ತು ಆಚೆ ಹಾಕಿರುತ್ತಿದ್ದಳು. "ಬನ್ನಿ, ಬನ್ನಿ, ಖಾಲಿ ಅದೆ" ಎನ್ನುವಳು. ಇಲ್ಲವೇ, "ಬ್ಯಾಡಿ ಬ್ಯಾಡಿ, ನಿಂಗರಾಜು ಬತ್ತಾವ್ನೆ, ಇಂದುಗಡೆ ಬಸುರಿ ಎಂಡ್ತಿ ಕೂತವ್ಳೆ, ಓಗ್ಲಿ ಬುಡಿ" ಎನ್ನುವಳು. ನನಗೆ ಬೇಕಾದದ್ದು ಜಾಗ ಇದೆಯೋ ಇಲ್ಲವೋ ಅನ್ನುವುದಷ್ಟೇ. ಇವಳು ಬಂದವರ ಮನೆಯ ಕ್ಷೇಮಸಮಾಚಾರವನ್ನೂ ಸೇರಿಸಿ ಕೊಡುತ್ತಿದ್ದಳು. "ಅಷ್ಟೊಂದ್ ಕತೆ ಬ್ಯಾಡ ಮಾರಾಯ್ತಿ" ಎಂದು ರೇಗುತ್ತಿದ್ದೆ. ಹಳೇ ಗಾಡಿ ನೋಡಲು ಹೋದರೆ ಬ್ರೋಕರ್ ಮೊದಲು ಸವರಿ ನೋಡುವುದು ಎಡಗಡೆಯ ಬಾಗಿಲನ್ನು. ಯಾವ ಗಾಡಿಯಾದರೂ ಅಲ್ಲಿ ನಾಲ್ಕು ಗೀರು ಇದ್ದೇ ಇರುತ್ತದೆ. ನಮ್ಮ ಗಾಡಿಯ ಎಡಗಡೆ ಹದಿನೆಂಟು ವರ್ಷದಲ್ಲಿ ಒಂದು ಗೀರು ಬಿದ್ದಿಲ್ಲ. ಇದನ್ನು ಊರೆಲ್ಲ ಹೇಳಿಕೊಂಡು ತಿರುಗಿದ್ದೇನೆ, ಅವಳಿಗೆ ಒಂದು ದಿನವೂ ಹೇಳಲಿಲ್ಲ.

ಮಾರ್ಚಿನಲ್ಲಿ ನರಸೀಪುರಕ್ಕೆ ಓಡಾಟ ಶುರುವಾದಾಗ ನಮ್ಮ ಮಗ ಮಲ್ಲಿಕಾರ್ಜುನ ಒಂದು ಕನ್ನಡಿ ತಂದ. ನಂಜನಗೂಡಿನ ಕಾರ್ಖಾನೆಯಲ್ಲಿ ಫಿಟ್ಟರ್ ಅವನು, ಇಂಥ ಕೆಲಸ ಅವನಿಗೆ ಹತ್ತು ನಿಮಿಷದ್ದು. ಅಂಗಳದಲ್ಲಿ ಕೂತು ಡ್ರಿಲ್ ಹಾಕುತ್ತ, "ಅಪ್ಪಾಜಿ, ಇನ್ಮೇಲೆ ಅವ್ವ ಯೋಳಕ್ಕಾಗಲ್ವಲ್ಲ, ಇದೊಂದಿರ್ಲಿ" ಎಂದ. ಸರಿಯಾಗೇ ಹೇಳಿದ, ತಪ್ಪೇನಿದೆ? ಚನ್ನಬಸಮ್ಮ ಜಗಲಿಯ ಮೇಲೆ ದಿಂಬಿಗೊರಗಿ ನೋಡುತ್ತಿದ್ದಳು. ಬಾಗಿಲಿಗೆ ತೂತು ಬಿದ್ದು ತಗಡಿನ ಪುಡಿ ಉದುರುವವರೆಗೂ ಅವಳು ಕಣ್ಣು ತೆಗೆಯಲಿಲ್ಲ.

ಅಲ್ಲಿಯವರೆಗೆ ಅವಳ ಬಾಯಿಂದ ಅ, ಬ ಅಂತ ಏನಾದರೂ ಹೊರಡುತ್ತಿತ್ತು. ಆ ವಾರದಿಂದ ಅದೂ ನಿಂತಿತು. ಮತ್ತೊಂದು ಸಲ ಹೊಡೆಯಿತೇನೋ ಎಂದು ಹೆದರಿ ಸ್ಕ್ಯಾನ್ ಮಾಡಿಸಿದೆವು, ಹೊಸದೇನೂ ಇರಲಿಲ್ಲ. "ಅತ್ತೆ ಸೋತೋಗ್ಬುಟ್ರು ಅನ್ಸುತ್ತೆ ಮಾವ" ಎಂದಳು ಸೊಸೆ ಮಧುಶ್ರೀ. ಇರಬಹುದು ಅಂದುಕೊಂಡು ನಾನು ಊಟಕ್ಕೆ ಕೂತೆ.

ಕೊನೆಯ ಮಂಗಳವಾರ ಬೆಳಗ್ಗೆ ಹತ್ತಕ್ಕೆ ಹೊರಟೆವು. ಮಧುಶ್ರೀ ಅತ್ತೆಗೆ ತಲೆ ಬಾಚಿ, ಮಲ್ಲಿಗೆ ಮುಡಿಸಿ ಕೂರಿಸಿದ್ದಳು. ಕೋಮಲ ಹೋದ ವಾರ, "ಈ ಸಲ ನೋಡಿ ತೀರ್ಮಾನ ಮಾಡೋಣ ಸರ್" ಎಂದಿದ್ದಳು. ಇನ್ನು ಬರಬೇಡಿ ಅನ್ನುವುದನ್ನು ಅವಳು ಹಾಗೆ ಹೇಳಿದ್ದು ಎಂದು ನನಗೆ ಗೊತ್ತಿತ್ತು. ನನ್ನ ಹತ್ತಿರ ಹೇಳಲು ಉಳಿದಿದ್ದ ಕತೆಯೆಲ್ಲ ಮುಗಿದಿತ್ತು. ಏಟ್ ಹಂಡ್ರೆಡ್ ನಿಲ್ಲಿಸಿದ್ದೂ ಆಯಿತು, ಸ್ವಿಫ್ಟ್ ಬಂದಿದ್ದೂ ಆಯಿತು. ಏನೂ ಹೊಳೆಯದೆ ಕಣ್ಣೆದುರಿಗೆ ಇದ್ದದ್ದನ್ನೇ ಹೊಗಳಿದೆ.

"ಈ ಕನ್ನಡಿ ನೋಡು, ಎಷ್ಟ್ ಸಲೀಸಾಯ್ತು ನಂಗೆ. ಎಲ್ಲಾನೂ ಕಾಣ್ತದೆ, ಸೈಕಲ್ ಬಂದ್ರೂ ಕಾಣ್ತದೆ. ಇನ್ನ ಯಾರ್ನೂ ಕೇಳೋ ಅಂಗೇ ಇಲ್ಲ."

ಅವಳು ನನ್ನ ಕಡೆ ತಿರುಗಿದಳು. ಅಷ್ಟು ದಿನದಲ್ಲಿ ಅದೇ ಮೊದಲು ತಿರುಗಿದ್ದು. ಆಮೇಲೆ ಎಡಗೈಯಲ್ಲಿ ಹಿಡಿ ತಿರುಗಿಸಿ ತಿರುಗಿಸಿ ಕಿಟಕಿಯ ಗಾಜು ಇಳಿಸಿದಳು. ಗಾಳಿ ಬೇಕೇನೋ ಅಂದುಕೊಂಡೆ. ಕೈ ಆಚೆ ಹಾಕಿದಳು, ಕನ್ನಡಿಯನ್ನು ಹಿಡಿದು ಬಾಗಿಲಿಗೆ ಒತ್ತಿ ಮಡಚಿದಳು.

"ಏಯ್, ಏನ್ಮಾಡ್ತಿದ್ದೀಯೆ?" ಎಂದು ಗಾಡಿ ಪಕ್ಕಕ್ಕೆ ನಿಲ್ಲಿಸಿದೆ. ಇಳಿದು, ಸುತ್ತಿಕೊಂಡು ಹೋಗಿ ಕನ್ನಡಿ ಬಿಡಿಸಿದೆ. ವಾಪಸು ಬಂದು ಕೂತು ಗೇರ್ ಹಾಕುವಷ್ಟರಲ್ಲಿ ಟಪ್ ಅಂತ ಮತ್ತೆ ಮಡಚಿದಳು. ಮುಖ ನೋಡಿದೆ. ಸೊಟ್ಟ ಬಾಯಿ ಬಿಗಿದಿತ್ತು, ಕಣ್ಣು ಕೆಂಪಾಗಿತ್ತು. ನನ್ನ ಮೇಲೆ ಸಿಟ್ಟು! ಅಯ್ಯೋ ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ. ಕೈಕಾಲು ಹೋಗಿದ್ದವಳ ಹತ್ತಿರ ಉಳಿದಿದ್ದದ್ದು ಅದೊಂದು ಕೆಲಸ. ಅದನ್ನೂ ನಾವು ಅವಳ ಕಣ್ಣೆದುರಿಗೇ ಕಿತ್ತುಕೊಂಡು ತಗಡಿಗೆ ಕೊಟ್ಟಿದ್ದೆವು. ಅದು ಸಾಲದು ಅಂತ ನಾನು ವಾರವಾರ ಸುಜುಕಿ ಮಗ್ಗದ ಕತೆ ಹೇಳಿಕೊಂಡು ಬಂದಿದ್ದೆ.

ನಾನು ಮತ್ತೆ ಕನ್ನಡಿ ಮುಟ್ಟಲಿಲ್ಲ. ಅವಳ ಬಲಗೈ ಎತ್ತಿ ಮಡಿಲಲ್ಲಿಟ್ಟು ಗಾಡಿ ಬಿಟ್ಟೆ. ಎಡಗಡೆ ಏನಿದೆ ಅನ್ನುವುದು ನನಗೆ ಒಂದಿಷ್ಟೂ ಕಾಣುತ್ತಿರಲಿಲ್ಲ.

ನರಸೀಪುರದಲ್ಲಿ ಕ್ಲಿನಿಕ್ಕಿನ ಗಲ್ಲಿಗೆ ಎಡಕ್ಕೆ ತಿರುಗಬೇಕು. ಅದೊಂದು ಕೆಟ್ಟ ಜಾಗ, ನಿಂತ ಬಸ್ಸಿಗೂ ಚರಂಡಿಗೂ ನಡುವೆ ಗೇಣು ಜಾಗ ಕಂಡರೆ ಸಾಕು ಬೈಕಿನವರು ನುಗ್ಗುತ್ತಾರೆ. ಇಂಡಿಕೇಟರ್ ಹಾಕಿ ಗಲ್ಲಿಯ ಬಾಯಿಗೆ ಬಂದು ನಿಲ್ಲಿಸಿದೆ.

"ಚನ್ನಿ" ಎಂದೆ, "ನಂಗೇನೂ ಕಾಣ್ತಾ ಇಲ್ಲ ಕಣೆ. ಖಾಲಿ ಅದಾ?"

ಅವಳು ಕತ್ತು ಆಚೆ ಹಾಕಿದಳು. ಹಿಂದೆ ಬಸ್ಸು ಹಾರನ್ ಹೊಡೆಯಿತು. ಆಟೋದವನೊಬ್ಬ, "ಯಜಮಾನ್ರೇ, ಅಲ್ಲೇ ಮನೆ ಕಟ್ಕಂಡೀರಾ? ಗಾಡಿ ಎತ್ರೀ" ಎಂದು ಕೂಗಿದ. "ಇರ್ಲಾ ಸುಮ್ಕೆ, ಅವ್ಳು ಯೋಳ್ಬೇಕು" ಎಂದು ನಾನೂ ಕೂಗಿದೆ. ಅವನಿಗೆ ಏನು ಅರ್ಥವಾಯಿತೋ ಶಿವನೇ ಬಲ್ಲ. ನೋಡುತ್ತ ನೋಡುತ್ತ ನಾಲ್ಕು ಹಾರನ್ನು ಸೇರಿದವು. ಎಷ್ಟು ಹೊತ್ತು ಹಾಗೆ ಕೂತೆನೋ ಗೊತ್ತಿಲ್ಲ. ನನಗೆ ಭಯ ಶುರುವಾಗಿತ್ತು. ಹೇಳದಿದ್ದರೆ? ಇನ್ನು ಯಾವತ್ತೂ ಹೇಳದೇ ಹೋದರೆ? ಆರು ತಿಂಗಳು ಎಲ್ಲಿತ್ತೋ ಆ ಭಯ, ಒಂದೇ ಸಲಕ್ಕೆ ಬಂದುಬಿಟ್ಟಿತು. ಇನ್ನು ತಡೆಯಲಾಗದೆ ಕ್ಲಚ್ಚು ಬಿಡತೊಡಗಿದೆ, ಗಾಡಿ ಒಂದು ಗೇಣು ಮುಂದೆ ಜರುಗಿತು.

"ತಡಿ."

ಬ್ರೇಕು ಒತ್ತಿದೆ. ಎರಡು ಹಾಲಿನ ಕ್ಯಾನು ನೇತುಹಾಕಿಕೊಂಡ ಬೈಕೊಂದು ಎಡಗಡೆಯಿಂದ ಬಾಗಿಲು ಸವರುವ ಹಾಗೆ ನುಗ್ಗಿ ಹೋಯಿತು.

ಮದುವೆಯಾಗಿ ಮೂವತ್ತೆಂಟು ವರ್ಷ. ಜಗಳ ಆಡುವಾಗಲೂ, ಜ್ವರದಲ್ಲಿ ಬಡಬಡಿಸುವಾಗಲೂ ಅವಳು ನನ್ನನ್ನು ಏಕವಚನದಲ್ಲಿ ಮಾತಾಡಿಸಿದವಳಲ್ಲ. ತಡೀರಿ ಅನ್ನಲು ಹೋಗಿದ್ದಳು, ರೀ ಅನ್ನುವುದು ಬರಲಿಲ್ಲ. ಅವಳಿಗೂ ಗೊತ್ತಾಯಿತು. ಎಡಗೈಯಿಂದ ಬಾಯಿ ಮುಚ್ಚಿಕೊಂಡು, ತಪ್ಪು ಮಾಡಿದವಳ ಹಾಗೆ ನನ್ನನ್ನು ನೋಡಿದಳು. ನನ್ನ ಕಣ್ಣಿಂದ ನೀರು ಸುರಿದು ಮುಂದಿನ ಗಾಜೂ ಕಾಣದ ಹಾಗಾಗಿತ್ತು. ಹಿಂದಿನವರು ಹಾರನ್ ಒತ್ತುತ್ತಲೇ ಇದ್ದರು.

ಅವಳ ಕೈ ಹಿಡಿದು ಬಾಯಿಂದ ಕೆಳಗಿಳಿಸಿದೆ. "ತಡ್ದಿದ್ದೀನಿ ಕಣೆ" ಎಂದೆ. "ಇನ್ನೊಂದ್ ಸಲ ಅಂಗೇ ಅನ್ನು."