ಹತ್ತೋ ಹನ್ನೆರಡೋ

ನಲ್ಲಿ ಮತ್ತೆ ತೊಟ್ಟಿಕ್ಕುತ್ತಿದೆ, ವಾಷರ್ ಬದಲಿಸಬೇಕು ಅಂದುಕೊಂಡೇ ಎಷ್ಟು ಕಾಲವಾಯಿತೋ, ಇರಲಿ, ಡಬ್ಬಿ ಅಲುಗಿಸು, ಮೇಲೆ ಕೆಳಗೆ, ಮೇಲೆ ಕೆಳಗೆ, ಫೋಟೋ ತೊಳೆಯುವ ಔಷಧಿ ನೀರಲ್ಲಿ ರೀಲು ಒಳಗೆ ನೆನೆಯುತ್ತಿದೆ, ಈಗಲೇ ಮುಚ್ಚಳ ತೆಗೆದರೆ ಬೆಳಕು ನುಗ್ಗಿ ಅಕ್ಕನ ಮುಖವೂ ಹೋದೀತು — ಭಾವ ಆಗಲೇ ಫೋನ್ ಮಾಡಿದ್ದರು, ಆಪರೇಷನ್‌ಗೆ ಒಳಗೆ ಕರ್ಕೊಂಡು ಹೋದ್ರು ಕಣೋ, ಫೋಟೋ ಬಂತಾ ಅಂತ ಕೇಳ್ತಾನೇ ಹೋದ್ಲು, ನಾನು ಬಂದಿದೆ ಭಾವ ಅಂದೆ, ಯಾಕೆ ಹಾಗಂದೆನೋ, ಬಂದಿದೆಯೋ ಇಲ್ಲವೋ ಈ ಡಬ್ಬಿಗೇ ಗೊತ್ತು. ಚಿಕ್ಕಂದಿನಲ್ಲಿ ಕುದಿನೀರು ಬಿದ್ದ ಕೆನ್ನೆ ಅದು, ಅಂದಿನಿಂದ ತಮ್ಮನೇ ಫೋಟೋದವನಾದರೂ ಕೂತವಳಲ್ಲ, ತನ್ನ ಮದುವೆಯ ಫೋಟೋದಲ್ಲೂ ಕೆನ್ನೆಯ ಮೇಲೆ ಕೈ, ಹಲ್ಲುನೋವಾ ಅಂತ ನಾನು ರೇಗಿಸುತ್ತಿದ್ದೆ, ಅವಳು ತಲೆಗೆ ಮೊಟಕುತ್ತಿದ್ದಳು. ನಿನ್ನೆ ತಾನಾಗಿಯೇ ಸ್ಟುಡಿಯೋಗೆ ಬಂದು ಸ್ಟೂಲಿನ ಮೇಲೆ ಕೂತಳು, ಹೊಸ ಚರ್ಮ ಹಾಕ್ತಾರಂತೆ, ಇಷ್ಟು ವರ್ಷ ನನ್ ಜೊತೆ ಬಾಳಿದ ಮುಖ ಕಣೋ ಇದು, ಹೋಗೋ ಮುಂಚೆ ಒಂದ್ಸಲ ತೆಗೆದಿಡು.

ತೆಗೆದೆ, ಆದರೆ ಯಾವ ಕ್ಯಾಮೆರಾದಲ್ಲಿ, ಚೌಕ ಫೋಟೋದ್ದರಲ್ಲೋ ದೊಡ್ಡದರಲ್ಲೋ, ಎರಡೂ ಕಪಾಟಿನಲ್ಲಿ ಏನೂ ಅರಿಯದವರ ಹಾಗೆ ಕೂತಿವೆ, ಎರಡಕ್ಕೂ ಹಾಕುವ ರೀಲು ಒಂದೇ, ಚೌಕದ್ದು ಹನ್ನೆರಡು ಫೋಟೋ ಕೊಡುತ್ತದೆ, ದೊಡ್ಡದು ಅಗಲಗಲವಾಗಿ ನುಂಗಿ ಹತ್ತಕ್ಕೇ ಮುಗಿಸುತ್ತದೆ, ಅದರ ಎಣಿಕೆಯ ಚಕ್ರ ಬೇರೆ ಕೆಟ್ಟಿದೆ, ಬಾಯಲ್ಲೇ ಎಣಿಸಬೇಕು. ಅಕ್ಕನಿಗಿಂತ ಮೊದಲು ಬಂದಿದ್ದ ಅಳುವ ಕೂಸಿನ ಸಂಸಾರ ಒಂಬತ್ತು ತಿಂದುಹಾಕಿತ್ತು, ಹನ್ನೆರಡರಲ್ಲಿ ಇನ್ನು ಮೂರಿದೆ ಅಂತ ನಾನು ಲೆಕ್ಕ ಹಾಕಿದ್ದೆ, ಅಕ್ಕನ ಕೈ ರೂಢಿಯಂತೆ ಕೆನ್ನೆಯ ಮೇಲೆಯೇ ಇತ್ತು, ಇರಲಿ ಅಂತ ಒಂದು ಒತ್ತಿದೆ, ಇನ್ನೆರಡಿದೆ ಅಕ್ಕಾ, ಅವಸರವಿಲ್ಲ ಅಂದೆ, ಅವಳು ಉಸಿರು ಬಿಟ್ಟಳು, ಕೈ ಮೆಲ್ಲಗೆ ಇಳಿಯಿತು, ತೊಡೆಯ ಮೇಲೆ ಬಂದು ಕೂತಿತು, ಸುಕ್ಕುಗಟ್ಟಿದ ಆ ಕೆನ್ನೆಗೆ ಕಿಟಕಿಯ ಬೆಳಕು ಬಿತ್ತು, ನನಗೆ ಅಳು ಬಂದಿತ್ತು, ಒತ್ತಿದೆ, ಮತ್ತೆ ಒತ್ತಿದೆ — ಒತ್ತುವ ಮೊದಲು ಟಿಕ್ ಅಂತಲ್ಲವೇ, ಬೆರಳಿನಿಂದ ಶಟರಿನ ಸಣ್ಣ ಕಡ್ಡಿ ಎಳೆದ ಸದ್ದು, ಚೌಕದ್ದಕ್ಕೆ ಆ ಕಡ್ಡಿಯೇ ಇಲ್ಲ, ಇಲ್ಲ ಇಲ್ಲ, ಟಿಕ್ ಅಂದದ್ದು ಗಡಿಯಾರವಿರಬೇಕು, ಗಡಿಯಾರ ನಿಂತು ಎಷ್ಟು ದಿನವಾಯಿತು, ಹಾಗಾದರೆ ದೊಡ್ಡದೇನಾ, ದೊಡ್ಡದನ್ನು ಸ್ಟ್ಯಾಂಡಿಗೆ ಯಾಕೆ ಹತ್ತಿಸಿದೆ, ಆ ಕೂಸಿನಪ್ಪ ಗೋಡೆಯಷ್ಟು ದೊಡ್ಡ ಫೋಟೋ ಬೇಕು ಅಂದಿದ್ದ, ಹೌದು, ಅಂದಿದ್ದ.

ಸಾಕು, ಹೊತ್ತಾಯಿತು, ನೀರು ಚೆಲ್ಲಿ ಮುಚ್ಚಳ ತಿರುಗಿಸಿದೆ, ರೀಲು ಬಿಚ್ಚಿ ಬಲ್ಬಿಗೆ ಹಿಡಿದೆ, ಅಗಲಗಲದ ಚಿತ್ರಗಳು, ಕೂಸು, ಕೂಸು, ಮತ್ತೆ ಕೂಸು, ಎಣಿಸಿದೆ, ತಪ್ಪಿತೇನೋ ಅಂತ ತುದಿಯಿಂದ ಎಣಿಸಿದೆ, ಹತ್ತು. ಹತ್ತನೆಯದು ಅಕ್ಕ, ಅದರಾಚೆ ಬೋಳು ತುದಿ, ಗಾಜಿನ ಹಾಗೆ, ಅದರ ಮೂಲಕ ನಲ್ಲಿ ಕಾಣುತ್ತಿದೆ. ಹತ್ತೇ ಅಂತ ಗೊತ್ತಿದ್ದರೆ ಕಾಯುತ್ತಿದ್ದೆ, ಕೈ ಇಳಿಯುವವರೆಗೂ ಕಾಯುತ್ತಿದ್ದೆ, ಫೋನ್ ಹೊಡೆದುಕೊಳ್ಳುತ್ತಿದೆ, ಭಾವನೇ ಇರಬೇಕು, ಮುಗೀತು ಕಣೋ, ಚೆನ್ನಾಗಾಯ್ತು ಅನ್ನುತ್ತಾರೇನೋ, ಎತ್ತಬೇಕು, ಈ ರೀಲು ಎಲ್ಲಿ ನೇತುಹಾಕಲಿ, ನೆಗೆಟಿವ್‌ನಲ್ಲಿ ಕೈ ಕಪ್ಪಗೆ ಕಾಣುತ್ತದೆ, ಅಷ್ಟೂ ಬೆರಳು ಕಪ್ಪಗೆ, ಕೆನ್ನೆಯ ಮೇಲೆ ಕೈ, ಕೆನ್ನೆಯ ಮೇಲೆ ಕೈ